ಒತ್ತು ಮುಳುಗಿದ ದಿನ

ಶಿವಮೊಗ್ಗದವರಿಗೆ ಮಳೆಗಾಲದ ಅಳತೆಗೋಲು ತುಂಗೆಯೊಳಗಿನ ಕೋರ್ಪಲಯ್ಯನ ಮಂಟಪ. ಅದು ಮುಳುಗಿತೆಂದರೆ ಹೊಳೆ ತುಂಬಿತೆಂದೇ ಲೆಕ್ಕ. ಗಾಜನೂರು ಅಣೆಕಟ್ಟೆಯ ಗೇಟುಗಳನ್ನು ತೆರೆದ ಸುದ್ದಿ ಕೇಳಿ, ಜುಲೈ ತಿಂಗಳ ಒಂದು ಭಾನುವಾರ ನಾನೂ ಕೊಡೆ ಹಿಡಿದು ಹೊರಟೆ. ಆದರೆ ಅಂದು ಮಂಟಪಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಸೇತುವೆಯ ಕಂಬವೊಂದರ ಮೇಲಿನ ಬರಹವನ್ನು.

ಅದು ನನಗೆ ಹೊಸದೇನಲ್ಲ. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಾಗ, ಆಳೆತ್ತರ ಮೀರಿದ ಅಕ್ಷರಗಳಲ್ಲಿ ಯಾರೋ ಅಲ್ಲಿ ‘ಎಲ್ಲೆ’ ಎಂದು ಬರೆದಿದ್ದರು. ಗೋಡೆ ಕಂಡಲ್ಲೆಲ್ಲ ಬಣ್ಣ ಎರಚುವವರ ಬಗ್ಗೆ ನನಗೆ ಸದಭಿಪ್ರಾಯವಿಲ್ಲ. ನಮ್ಮ ಕಾಂಪೌಂಡಿಗೆ ಎರಡು ಬಾರಿ ಸುಣ್ಣ ಹೊಡೆಸಿದವನು ನಾನು. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸುವುದರ ವಿರುದ್ಧ ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆಯಿದೆ ಎಂಬುದನ್ನೂ ಬಲ್ಲೆ. ಆದರೂ ಆ ಗೆರೆಗಳನ್ನು ನೋಡದೆ ಮುಂದೆ ಹೋಗಲಾಗಲಿಲ್ಲ. ಕೆಮ್ಮಣ್ಣಿನ ಬಣ್ಣದ ಮೇಲೆ ಒಂದಕ್ಕೊಂದು ತಾಗದಂತೆ ಬಳುಕುವ ಮೂರು ಬಿಳಿ ಎಳೆಗಳು. ಸಾಗರದ ಕಡೆ ದೀವರ ಹೆಂಗಸರು ಪುಂಡಿನಾರಿನ ಕುಂಚವನ್ನು ಅಕ್ಕಿಯ ಬಿಳಿಯಲ್ಲಿ ಅದ್ದಿ ಬರೆಯುವ ಹಸೆ ಚಿತ್ತಾರದ ಎಳೆಗಳನ್ನೇ ಇವರು ಸ್ಪ್ರೇ ಡಬ್ಬಿಯಿಂದ ಎಳೆದಿದ್ದರು. ಡಬ್ಬಿಯನ್ನು ಒಂದೆಡೆ ತುಸು ಹೆಚ್ಚು ಹೊತ್ತು ಹಿಡಿದರೂ ಬಣ್ಣ ಸೋರಿ ಇಳಿಯುತ್ತದೆ. ಇಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಬಂಡೆಯ ಮೇಲೆ ಏಣಿ ನಿಲ್ಲಿಸಿದರೋ, ಮೇಲಿನಿಂದ ಹಗ್ಗ ಬಿಟ್ಟು ಇಳಿದರೋ, ಅದೂ ರಾತ್ರಿಯ ಕತ್ತಲಲ್ಲಿ! ಕುಂದೆಂದು ನನಗೆ ಕಂಡದ್ದು ಒಂದೇ: ‘ಲೆ’ಯ ಕೆಳಗಿನ ಒತ್ತು ಅಳತೆ ತಪ್ಪಿದಂತೆ ಬಹಳ ಕೆಳಕ್ಕೆ ಜೋತುಬಿದ್ದಿತ್ತು.

ಆ ಭಾನುವಾರ ಮಂಟಪ ಕಾಣದಾಗಿತ್ತು, ಒತ್ತೂ ಕಾಣದಾಗಿತ್ತು. ಕೆಂಪು ನೀರಿನ ಮೇಲೆ ಉಳಿದದ್ದು ‘ಎಲೆ’.

ಬಾಗಿನ ಬಿಡಲು ಬಂದಿದ್ದ ಅಜ್ಜಿಯೊಬ್ಬರು ನನ್ನ ನೋಟವನ್ನೇ ಹಿಡಿದು ಅತ್ತ ನೋಡಿ, “ಇಷ್ಟು ನೀರಲ್ಲಿ ನಿಂತು ಯಾರಪ್ಪ ಬರ್ದಿದ್ದು?” ಎಂದರು. “ನೀರು ಬರೋ ಮುಂಚೆ ಬರ್ದಿದ್ದಾರೆ ಅಜ್ಜಿ” ಎಂದೆ. “ಹಂಗಾದ್ರೆ ನೀರು ಎಲ್ಲಿಗೆ ಬರುತ್ತೆ ಅಂತ ಗೊತ್ತಿತ್ತು ಬಿಡು” ಎಂದು ಅವರು ಮೊರದ ಕಡೆ ತಿರುಗಿದರು.

ನಾನು ಮೂರು ತಿಂಗಳು ತಪ್ಪೆಂದುಕೊಂಡಿದ್ದನ್ನು ಅವರು ಅರೆಗಳಿಗೆಯಲ್ಲಿ ಓದಿದ್ದರು. ಹಿಂದಿನ ವರ್ಷಗಳ ನೆರೆ ಕಂಬದ ಮೇಲೆ ಬಿಟ್ಟುಹೋದ ಕಂದು ಕಲೆಯನ್ನು ನೋಡಿಯೇ ಆ ಬರಹಗಾರ ಒತ್ತನ್ನು ಅದರ ಕೆಳಗೆ ಇಳಿಸಿರಬೇಕು.

ನವರಾತ್ರಿಯ ಹೊತ್ತಿಗೆ ನೀರು ಇಳಿದು ಒತ್ತು ಮತ್ತೆ ಕಾಣಿಸಿತು. ತೇಲಿಬಂದ ದಿಮ್ಮಿ ಉಜ್ಜಿತೋ ಏನೋ, ಮೂರನೆಯ ಎಳೆ ಒಂದು ಗೇಣಿನಷ್ಟು ಅಳಿಸಿಹೋಗಿದೆ. ಅದನ್ನು ಇನ್ನೂ ಯಾರೂ ತಿದ್ದಿಲ್ಲ.