ಬೀದರ್‌ಗೆ ಹೊರಟಿದ್ದರೆ ಎರಡು ದಿನ ಇಟ್ಟುಕೊಳ್ಳಿ

ಕಲಬುರಗಿಯಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳುವವರಿಗೆ ಬೀದರ್ ಎಂದರೆ ಕೋಟೆ, ಅಷ್ಟೇ. ಮೊದಲ ಸಲ ನಾನೂ ಹಾಗೆಯೇ ನೋಡಿ ಬಂದಿದ್ದೆ. ಕಳೆದ ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋದಾಗ ಒಂದು ರಾತ್ರಿ ಉಳಿದೆವು. ಊರು ತೆರೆದುಕೊಂಡದ್ದು ಆಗಲೇ. ಹುಮನಾಬಾದ್ ಮೇಲೆ ಹೋಗುವ ಬಸ್ಸಿಗೆ ಸುಮಾರು ಮೂರು ಗಂಟೆ ಹಿಡಿಯುತ್ತದೆ. 2017ರಲ್ಲಿ ಆರಂಭವಾದ ರೈಲು ಮಾರ್ಗವೂ ಇದೆ, ಆದರೆ ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ಬಸ್ಸಾದರೆ ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಕೊಳ್ಳಬಹುದು.

ಕೋಟೆಗಿಂತ ಮೊದಲು ಮಹಮೂದ್ ಗವಾನನ ಮದರಸಾಕ್ಕೆ ಹೋಗಿ, ಅದೂ ಬೆಳಿಗ್ಗೆ. ಕಟ್ಟಡದ ಮುಖ ಪೂರ್ವಕ್ಕಿದೆ. ಎಳೆಬಿಸಿಲು ಬಿದ್ದಾಗ ಉಳಿದಿರುವ ಒಂದೇ ಮಿನಾರಿನ ಮೇಲೆ ನೀಲಿ ಹೆಂಚುಗಳು ಅಂಕುಡೊಂಕು ಪಟ್ಟಿಗಳಾಗಿ ಹೊಳೆಯುತ್ತವೆ. ಹತ್ತಿರ ಹೋದರೆ ಹೆಂಚು ಉದುರಿದ ಕಡೆ ಗಾರೆಯಲ್ಲಿ ಅದರ ಅಚ್ಚು ಹಾಗೆಯೇ ಕಾಣುತ್ತದೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿಗಳ ಪ್ರಧಾನಿಯಾದ ಗವಾನ್ 1472ರಲ್ಲಿ ಇದನ್ನು ಕಟ್ಟಿಸಿದ. 1481ರಲ್ಲಿ ಖೋಟಾ ಪತ್ರವೊಂದನ್ನು ನಂಬಿದ ಸುಲ್ತಾನ ಅವನನ್ನು ಕೊಲ್ಲಿಸಿದ. ಮುಂದೆ ಔರಂಗಜೇಬನ ಕಾಲದಲ್ಲಿ ಇಲ್ಲಿದ್ದ ಮದ್ದಿನ ಪುಡಿ ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಕುಸಿದ ಮೂಲೆಯ ಮುಂದೆ ಅಮ್ಮ ಬಹಳ ಹೊತ್ತು ನಿಂತಿದ್ದಳು.

ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಕೆಂಪು ಮುರಕಲ್ಲನ್ನು ಕಡಿದು ತೆಗೆದ ಮೂರು ಸಾಲಿನ ಕಂದಕವನ್ನು ಅವಸರದಲ್ಲಿ ದಾಟಿಬಿಡಬೇಡಿ. ರಂಗೀನ್ ಮಹಲಿಗೆ ನಾವು ಹೋದಾಗ ಬೀಗ ಹಾಕಿತ್ತು. ಸಿಬ್ಬಂದಿಯನ್ನು ಕೇಳಿದಾಗ ತೆರೆದು ತೋರಿಸಿದರು. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳನ್ನು ನೋಡದೆ ಬರಬೇಡಿ. ಕೋಟೆಯೊಳಗೆ ನೆರಳು ಕಡಿಮೆ, ನೀರು ಜೊತೆಗಿರಲಿ.

ಮಧ್ಯಾಹ್ನ ಹಳೆ ಊರಿನ ನಡುವಿನ ಚೌಬಾರಾ ಗೋಪುರದ ಸುತ್ತಲಿನ ಬೀದಿಗಳಲ್ಲಿ ಬಿದರಿ ಕೆಲಸ ನೋಡಿ. ಸತು-ತಾಮ್ರದ ಪಾತ್ರೆಗೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಉಜ್ಜುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಕಸುಬುದಾರರಿಂದಲೇ ಕೊಳ್ಳಿ.

ಎರಡನೇ ದಿನ ಅಷ್ಟೂರಿಗೆ ಇಡಿ, ಆಟೋ ಸಿಗುತ್ತದೆ. ನಮ್ಮ ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದ ಅಹ್ಮದ್ ಷಾ ವಲಿಯ ಗೋರಿ ಅಲ್ಲಿದೆ. ಒಳಗೆ ಗವ್ವೆನ್ನುವ ಕತ್ತಲೆ. ಅಲ್ಲಿನ ಹಿರಿಯರೊಬ್ಬರು "ತಾಯಿ, ಇಲ್ಲಿ ನಿಂತು ಮೇಲೆ ನೋಡಿರಿ" ಎಂದು ಅಮ್ಮನನ್ನು ನಿಲ್ಲಿಸಿ, ಬಾಗಿಲ ಬಳಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದರು. ಕನ್ನಡಿ ತಿರುಗಿದಂತೆಲ್ಲ ಗುಮ್ಮಟದ ಚಿನ್ನದ ಅಕ್ಷರಗಳು, ಕೆಂಪು ನೀಲಿ ಹೂಬಳ್ಳಿಗಳು ಒಂದೊಂದಾಗಿ ಕತ್ತಲಿನಿಂದ ಎದ್ದು ಬಂದವು. ಹೋಳಿಯ ನಂತರದ ಉರುಸಿಗೆ ಕಲಬುರಗಿ ಜಿಲ್ಲೆಯಿಂದ ಜಂಗಮರು ಬರುತ್ತಾರೆ. ಈ ಸುಲ್ತಾನನನ್ನು ಅಲ್ಲಮಪ್ರಭು ಎಂದೇ ನಂಬಿ ನಡೆದುಕೊಳ್ಳುವವರಿದ್ದಾರೆ. ಸಾಧ್ಯವಾದರೆ ಆಗಲೇ ಹೋಗಿ. ಮಗ್ಗುಲಲ್ಲಿರುವ ಬಹಮನಿ ಸುಲ್ತಾನ ಹುಮಾಯೂನನ ಗೋರಿಯ ಗುಮ್ಮಟ ಸೀಳಿ ನಿಂತಿದೆ. ಸಿಡಿಲು ಬಡಿದು ಹಾಗಾಯಿತೆನ್ನುತ್ತಾರೆ. ಗುಮ್ಮಟದ ಗೋಡೆ ಎಷ್ಟು ದಪ್ಪವೆಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಊಟಕ್ಕೆ ನಾನಕ್ ಝೀರಾ ಗುರುದ್ವಾರಕ್ಕೆ ಬನ್ನಿ. ತಲೆಗೆ ಬಟ್ಟೆ ಇರಲಿ. ಗುರುನಾನಕರು ತೆರೆದರೆಂದು ನಂಬುವ ಚಿಲುಮೆಯ ನೀರು ಈಗಲೂ ಹರಿಯುತ್ತಿದೆ. 1699ರಲ್ಲಿ ಸಿಖ್ಖರ ಖಾಲ್ಸಾ ಪಂಥದ ದೀಕ್ಷೆಯನ್ನು ಮೊದಲು ಪಡೆದ ಐವರಲ್ಲಿ, ಅಂದರೆ ಪಂಚ ಪ್ಯಾರೆಗಳಲ್ಲಿ, ಒಬ್ಬರಾದ ಸಾಹಿಬ್ ಸಿಂಗ್ ಇದೇ ಬೀದರಿನವರು.

ಸಂಜೆಯನ್ನು ಉದಗೀರ್ ರಸ್ತೆಯಲ್ಲಿರುವ, ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಷಾಹಿಗಳ ಗೋರಿಗಳ ಉದ್ಯಾನಕ್ಕೆ ಉಳಿಸಿಕೊಳ್ಳಿ. ಅಲಿ ಬರೀದನ ಗೋರಿಗೆ ನಾಲ್ಕೂ ಕಡೆ ತೆರೆದ ಕಮಾನು. ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೋಗುತ್ತದೆ. ಅಲ್ಲಿ ಕುಳಿತಿದ್ದಾಗ ಅಮ್ಮ ಕೇಳಿದಳು, "ಈ ರಸ್ತೆ ಉದಗೀರಿಗೇ ಹೋಗುತ್ತದೇನಪ್ಪ?" ಹೌದೆಂದೆ. ಅವಳ ಸೋದರತ್ತೆಯನ್ನು ಕೊಟ್ಟದ್ದು ಆ ಊರಿಗೆ. ಮದುವೆಯಾದಾಗ ಅದು ನಿಜಾಮರ ಸಂಸ್ಥಾನದಿಂದ ಬಂದ ಬೀದರ್ ಜಿಲ್ಲೆಯದೇ ತಾಲ್ಲೂಕು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಬಂತು, ಉದಗೀರ್ ಮುಂಬಯಿ ಕಡೆಗೆ ಹೋಯಿತು. "ನಮ್ಮತ್ತೆ ಕೊನೆಯವರೆಗೂ ತವರಿಗೆ ಕನ್ನಡದಲ್ಲೇ ಕಾಗದ ಬರೆಸುತ್ತಿದ್ದಳು" ಎಂದಳು ಅಮ್ಮ. ಮುಂದಿನ ಸಲ ಮೂರನೇ ದಿನವನ್ನೂ ಇಟ್ಟುಕೊಂಡು ಅವಳನ್ನು ಉದಗೀರಿಗೆ ಕರೆದೊಯ್ಯುತ್ತೇನೆ.