ಫೋಟೊ ಇಲ್ಲದ ಖರ್ಚುಗಳು

ಪ್ರಾಣಿಗಳ ಆಶ್ರಯತಾಣಕ್ಕೆ ದೇಣಿಗೆ ಹರಿದು ಬರುವುದು ಹೆಚ್ಚಾಗಿ ಕಾಲು ಮುರಿದ ನಾಯಿಯ ಫೋಟೊ ನೋಡಿ. ತಪ್ಪೇನಿಲ್ಲ, ಆ ಕಾಲಿಗೂ ದುಡ್ಡು ಬೇಕು. ಆದರೆ ಬ್ಲೀಚು, ಕರೆಂಟು, ಗೂಡು ತೊಳೆಯುವವರ ಸಂಬಳ, ಇವಕ್ಕೆಲ್ಲ ಫೋಟೊ ಎಲ್ಲಿಂದ ತರುವುದು?

ಹೊಸ ಮರಿಗೆ ಬಂದ ದಿನವೇ ಲಸಿಕೆ ಹಾಕಿಸಿ, 14 ದಿನ ಬೇರೆ ಇಡಬೇಕು. ಮರಿಗಳಿಗೆ ಜೀವ ತೆಗೆಯುವಂಥ ವಾಂತಿ-ಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ, ಮೇಲಾಗಿ ಫಿನಾಯಿಲ್ ಬೆಕ್ಕುಗಳಿಗೆ ವಿಷ. ಬೇಕಾದ್ದು ದ್ರವರೂಪದ ಬ್ಲೀಚ್: 1 ಪಾಲಿಗೆ 32 ಪಾಲು ನೀರು. ಮೊದಲು ಮಲ, ಜೊಲ್ಲು, ಕೂದಲನ್ನೆಲ್ಲ ಸೋಪುನೀರಲ್ಲಿ ತೊಳೆದು, ಆಮೇಲೆ ಬ್ಲೀಚ್ ನೀರು ಹಾಕಿ, 10 ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು. ಎಡವಟ್ಟಾಗುವುದು ಇಲ್ಲೇ. ಕೊಳೆ ಉಳಿದರೆ ಬ್ಲೀಚಿನಲ್ಲಿರುವ ಕ್ಲೋರಿನ್ ಅದರ ಮೇಲೇ ಖರ್ಚಾಗಿಬಿಡುತ್ತದೆ. ನಿನ್ನೆ ಬೆರೆಸಿಟ್ಟದ್ದೂ ಬೇಡ, ಬೆಳಕಿಗೆ ಸತ್ವ ಹೋಗಿರುತ್ತದೆ.

ದಿನಕ್ಕೊಂದು ಪ್ರಾಣಿ ಬಂದು ಸರಾಸರಿ 20 ದಿನ ಉಳಿದರೆ 20 ಗೂಡು ಸಾಕು. 40 ದಿನ ಉಳಿದರೆ 40 ಬೇಕು, ಊಟ, ಆಳುಕಾಳು ಎಲ್ಲ ಎರಡರಷ್ಟು. ಹೊಸ ಕಟ್ಟಡಕ್ಕೆ ಚಂದಾ ಎತ್ತುವ ಮೊದಲು ದತ್ತು ಯಾಕೆ ತಡವಾಗುತ್ತಿದೆ ಎಂದು ನೋಡಬೇಕು. ಎಷ್ಟೋ ಸಲ ಸಂತಾನಹರಣ ಶಸ್ತ್ರಚಿಕಿತ್ಸೆಯ ಸರದಿಗೆ ಕಾಯುತ್ತಾ ಗಟ್ಟಿಮುಟ್ಟಾದ ನಾಯಿ ವಾರಗಟ್ಟಲೆ ಗೂಡಲ್ಲೇ ಬಿದ್ದಿರುತ್ತದೆ, ಪಾಪ.

ಕೊಡುವ ಮನಸ್ಸಿದ್ದವರಲ್ಲಿ ಒಂದೇ ಕೋರಿಕೆ: ಚಿಕ್ಕ ಮೊತ್ತವಾದರೂ ತಿಂಗಳು ತಿಂಗಳು ಕೊಡಿ, 'ಇಂಥದ್ದಕ್ಕೇ' ಎಂಬ ಷರತ್ತಿಲ್ಲದೆ ಕೊಡಿ. ಷರತ್ತಿನ ಹಣವನ್ನು ಸಂಬಳಕ್ಕೆ ಕೈ ಖಾಲಿಯಾದ ತಿಂಗಳಲ್ಲೂ ಮುಟ್ಟುವಂತಿಲ್ಲ.