ಉತ್ತರ ಬಾರದ ಸರ್ವರ್ ಮತ್ತು ಒಮ್ಮತದ ಲೆಕ್ಕ

ಅಡಿಕೆ ವಹಿವಾಟಿನ ಲೆಕ್ಕವನ್ನು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿರುವ ಮೂರು ಸರ್ವರ್‌ಗಳಲ್ಲಿ ಏಕಕಾಲಕ್ಕೆ ಇಟ್ಟು ನಡೆಸುವ ನಮ್ಮಂಥವರಿಗೆ ಮಳೆಗಾಲ ಪೂರ್ತಿ ಎದುರಾಗುವ ಪ್ರಶ್ನೆ ಒಂದೇ: ಉತ್ತರ ಕೊಡದ ಯಂತ್ರ ನಿಂತೇ ಹೋಗಿದೆಯೋ, ಅಥವಾ ಅದರ ಉತ್ತರ ಇನ್ನೂ ದಾರಿಯಲ್ಲಿದೆಯೋ? ಮರ ಬಿದ್ದು ಫೈಬರ್ ತುಂಡಾಗಿರಲಿ, ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿರಲಿ, ಬರೀ ಲೋಡ್ ಹೆಚ್ಚಾಗಿ ಯಂತ್ರ ತಡವರಿಸುತ್ತಿರಲಿ, ಈ ಕಡೆ ಕುಳಿತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಈ ತೊಡಕು ಎಷ್ಟು ಆಳದ್ದೆಂಬುದನ್ನು ಮೈಕಲ್ ಫಿಶರ್, ನ್ಯಾನ್ಸಿ ಲಿಂಚ್ ಮತ್ತು ಮೈಕಲ್ ಪ್ಯಾಟರ್ಸನ್ 1985ರ ಪ್ರಬಂಧದಲ್ಲಿ ಸಾಧಿಸಿ ತೋರಿಸಿದರು. ಸಂದೇಶ ಎಷ್ಟು ತಡವಾಗಬಹುದೆಂಬುದಕ್ಕೆ ಮಿತಿಯಿಲ್ಲದ ವ್ಯವಸ್ಥೆಯಲ್ಲಿ, ಒಂದೇ ಒಂದು ಪ್ರೊಸೆಸ್ (ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಮ್) ನಿಂತುಹೋಗುವ ಸಾಧ್ಯತೆಯಿದ್ದರೂ ಸಾಕು, ಉಳಿದವು ತೀರ್ಮಾನಕ್ಕೆ ಬಂದೇ ಬರುತ್ತವೆಂದು ಖಾತರಿ ಕೊಡುವ, ಯಾದೃಚ್ಛಿಕತೆಯನ್ನು (ನಾಣ್ಯ ಚಿಮ್ಮಿದಂಥ ಆಯ್ಕೆಯನ್ನು) ಬಳಸದ ಯಾವ ಅಲ್ಗಾರಿದಮ್ಮೂ ಇರಲಾರದು. ಇದನ್ನು ಓದಿ ‘ಒಮ್ಮತವೇ ಅಸಾಧ್ಯ’, ಅಂದರೆ ಯಂತ್ರಗಳೆಲ್ಲ ಒಂದೇ ತೀರ್ಮಾನಕ್ಕೆ ಬರುವುದೇ ಆಗದ ಮಾತು, ಎಂದು ಕೈಚೆಲ್ಲುವವರಿದ್ದಾರೆ. ನನಗೆ ಅದು ಅವಸರದ ಓದೆನಿಸುತ್ತದೆ. ಅಲ್ಲಿ ಇಲ್ಲವಾಗುವುದು ತೀರ್ಮಾನ ಬಂದೇ ಬರುತ್ತದೆಂಬ ಖಾತರಿ ಮಾತ್ರ. ಎರಡು ಕಡೆ ಎರಡು ತೀರ್ಮಾನ ಆಗದಂತೆ ತಡೆಯುವುದಕ್ಕೆ ಅಡ್ಡಿಯೇನೂ ಇಲ್ಲ. ಲೆಸ್ಲಿ ಲ್ಯಾಂಪೋರ್ಟ್ ಅವರ ಪ್ಯಾಕ್ಸೋಸ್ ಆಗಲಿ, 2014ರಲ್ಲಿ ಡಿಯಾಗೋ ಒಂಗಾರೋ ಮತ್ತು ಜಾನ್ ಔಸ್ಟರ್‌ಹೌಟ್ ಪ್ರಕಟಿಸಿದ ರಾಫ್ಟ್ ಆಗಲಿ, ಒಮ್ಮತಕ್ಕೆಂದೇ ಇರುವ ಈ ಅಲ್ಗಾರಿದಮ್ಮುಗಳು ಹಿಡಿದಿರುವುದು ಇದೇ ದಾರಿ: ತಡವಾದರೂ ಚಿಂತೆಯಿಲ್ಲ, ತಪ್ಪಾಗಬಾರದು.

ಮಂಡಿಯ ಲೆಕ್ಕಕ್ಕೆ ಇದೇ ಸರಿ. ರಾಶಿ ಅಡಿಕೆಯ ಒಂದು ಲಾಟ್ ಯಾರ ದರಕ್ಕೆ ಹೋಯಿತೆಂಬುದು ಮೂರರಲ್ಲಿ ಎರಡು ಯಂತ್ರಗಳು ಬರೆದುಕೊಂಡ ಮೇಲಷ್ಟೇ ಖಾಯಂ ಆಗುತ್ತದೆ. ಮೂರರಲ್ಲಿ ಯಾವ ಎರಡನ್ನು ಆರಿಸಿಕೊಂಡರೂ, ಇನ್ನಾವುದೇ ಎರಡರ ಜೊತೆ ಒಂದಾದರೂ ಯಂತ್ರ ಸಮಾನವಾಗಿರುತ್ತದೆ. ಒಂದೇ ಲಾಟ್ ಇಬ್ಬರು ವ್ಯಾಪಾರಿಗಳ ಹೆಸರಿಗೆ ಹೋಗದಂತೆ ಕಾಯುವುದು ಆ ಯಂತ್ರ. ಹಾಗಾಗಿ ಸಾಗರದ ಸಂಪರ್ಕ ಕಡಿದಾಗ, ಅಲ್ಲಿನ ಸರ್ವರ್ ತಾನೇ ನಾಯಕನೆಂದು, ಅಂದರೆ ಏನು ಬರೆಯಬೇಕೆಂದು ಉಳಿದವಕ್ಕೆ ಹೇಳುವ ಯಂತ್ರವೆಂದು, ಇನ್ನೂ ತಿಳಿದುಕೊಂಡಿದ್ದರೂ, ಅದು ಹೊಸದೇನನ್ನೂ ಖಾಯಂ ಮಾಡಲಾರದು. ಕೌಂಟರಿನಲ್ಲಿ ಕುಳಿತವರು ‘ಸಿಸ್ಟಮ್ ಹ್ಯಾಂಗ್ ಆಗಿದೆ’ ಎಂದು ಫೋನ್ ಮಾಡುತ್ತಾರೆ. ಆಗ ಅದು ಮಾಡಬೇಕಾದ ಕೆಲಸವನ್ನೇ ಮಾಡುತ್ತಿರುತ್ತದೆ, ಆದರೆ ಸರದಿಯಲ್ಲಿ ನಿಂತ ಬೆಳೆಗಾರರೆದುರು ಈ ವಾದ ನಡೆಯುವುದಿಲ್ಲ.

ರಾಫ್ಟ್‌ನಲ್ಲಿ ನನಗೆ ಬಹಳ ಹಿಡಿಸುವುದು ಮತದ ನಿಯಮ. ನಾಯಕನಿಂದ ಸದ್ದು ಬಾರದಿದ್ದರೆ ಬೇರೊಂದು ಯಂತ್ರ ಅವಧಿಯ (ಒಂದೊಂದು ಚುನಾವಣೆಯಿಂದ ಶುರುವಾಗುವ ಸರದಿಯ) ಸಂಖ್ಯೆಯನ್ನು ಒಂದು ಹೆಚ್ಚಿಸಿ ಮತ ಕೇಳುತ್ತದೆ, ಮತ್ತು ಒಂದು ಅವಧಿಯಲ್ಲಿ ಒಂದು ಯಂತ್ರಕ್ಕೆ ಒಂದೇ ಮತ. ಎಂಟನೇ ಅವಧಿಯಲ್ಲಿ ತೀರ್ಥಹಳ್ಳಿಯ ಸರ್ವರ್ ಸಾಗರಕ್ಕೆ ಮತ ಕೊಟ್ಟ ಕೂಡಲೇ ಕರೆಂಟ್ ಹೋಯಿತೆನ್ನಿ. ಮರಳಿ ಎದ್ದಾಗ ಕೊಟ್ಟ ಮತ ಅದಕ್ಕೆ ನೆನಪಿಲ್ಲದಿದ್ದರೆ, ಅದೇ ಅವಧಿಗೆ ಶಿವಮೊಗ್ಗ ಕೇಳಿದರೂ ಕೊಟ್ಟುಬಿಡುತ್ತದೆ. ಎರಡೂ ಕಡೆ ತಲಾ ಎರಡು ಮತ, ಒಂದೇ ಅವಧಿಗೆ ಇಬ್ಬರು ನಾಯಕರು. ಅದಕ್ಕೇ ಮತವನ್ನು ಮೊದಲು ಡಿಸ್ಕಿಗೆ ಬರೆದು, ಆಮೇಲೆ ಉತ್ತರ ಕಳಿಸಬೇಕು. ಕ್ಯಾಶ್‌ನಲ್ಲಿ (ಕರೆಂಟ್ ಹೋದರೆ ಅಳಿಸಿಹೋಗುವ ತಾತ್ಕಾಲಿಕ ಮೆಮೊರಿಯಲ್ಲಿ) ಇಟ್ಟುಕೊಂಡೇ ‘ಬರೆದಾಯಿತು’ ಎನ್ನುವ ಡಿಸ್ಕ್‌ಗಳೂ ಇವೆ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಿನಲ್ಲಿ ಅಂಥದ್ದನ್ನು ಸರ್ವರಿಗೆ ಹಾಕಬಾರದು.

ಮತ ಕೇಳುವ ಮೊದಲು ನಾಯಕನ ಸದ್ದಿಗಾಗಿ ಕಾಯುವ ಸಮಯವನ್ನು ಪ್ರತಿ ಯಂತ್ರವೂ ಯಾದೃಚ್ಛಿಕವಾಗಿ ಆರಿಸಿಕೊಳ್ಳುವುದು ಎಲ್ಲವೂ ಒಟ್ಟಿಗೇ ಎದ್ದು ಮತ ಹಂಚಿಹೋಗದಿರಲೆಂದು. ರಾಫ್ಟ್ ಪ್ರಬಂಧದಲ್ಲಿ ಅದಕ್ಕೆ ಸೂಚಿಸಿರುವುದು 150ರಿಂದ 300 ಮಿಲಿಸೆಕೆಂಡ್. ಘಟ್ಟದ ಮಳೆಯ ನೆಟ್‌ವರ್ಕಿಗೆ ಅದನ್ನು ಧಾರಾಳವಾಗಿ ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಸುಳ್ಳು ಹೇಳುವ ಯಂತ್ರಗಳ ವಿಷಯ ಬೇರೆ. ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ ಅವರು 1982ರಲ್ಲಿ ವಿವರಿಸಿದಂತೆ, ತಿದ್ದಿದರೆ ಗೊತ್ತಾಗುವಂಥ ಸಹಿಯಿಲ್ಲದ ಸಂದೇಶಗಳಲ್ಲಿ ಒಂದು ಸುಳ್ಳುಗಾರ ಯಂತ್ರವನ್ನು ತಾಳಿಕೊಳ್ಳಲು ಒಟ್ಟು ನಾಲ್ಕು ಬೇಕು. ನಮ್ಮ ಮೂರೂ ನಮ್ಮವೇ ಆದ್ದರಿಂದ ಆ ಖರ್ಚಿಗೆ ಕೈಹಾಕಿಲ್ಲ.

ಧೈರ್ಯಕ್ಕಿರಲಿ, ಹೊಸನಗರದಲ್ಲೊಂದು ನಾಲ್ಕನೆಯದನ್ನು ಹಾಕೋಣವೆಂಬ ಸಲಹೆ ಆಗಾಗ ಬರುತ್ತದೆ. ನಾಲ್ಕರಲ್ಲಿ ಬಹುಮತವೆಂದರೆ ಮೂರು. ಆಗಲೂ ಒಂದು ಕೆಟ್ಟರೆ ಮಾತ್ರ ತಾಳಿಕೊಳ್ಳಬಹುದು. ಎರಡು ಕೆಟ್ಟರೂ ಕೆಲಸ ಸಾಗಬೇಕೆಂದರೆ ಐದು ಬೇಕು, ಅದೂ ಒಂದೇ ಫೈಬರ್, ಒಂದೇ ಕರೆಂಟ್ ಲೈನನ್ನು ನಂಬಿಕೊಂಡಿರದ ಐದು.